ದುರ್ಬೀನಿನ ಕುಲಾವಿ

ಬೆಳಿಗ್ಗೆ ಎದ್ದಾಗಿನಿಂದ ಚನ್ನಮಲ್ಲಮ್ಮನಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಸೆರಗಿನೊಳಗಿಟ್ಟರೆ ಕದ್ದ ಮಾಲಿನಂತೆ ಅನ್ನಿಸುತ್ತಿದ್ದವು, ಹೊರಗೆ ಬಿಟ್ಟರೆ ಯಾರದೋ ಕೈಗಳನ್ನು ಒಂದು ದಿನದ ಮಟ್ಟಿಗೆ ಇಸಿದುಕೊಂಡು ಬಂದಂತೆ. ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದ ನಾಲ್ಕು ವರ್ಷ ಈ ಕೈಗಳಿಗೆ ಪುಸ್ತಕಗಳಿದ್ದವು. ಮುಖಕ್ಕೆ ಅಡ್ಡ ಹಿಡಿಯುವುದಕ್ಕೂ ಅವೇ ಆಗುತ್ತಿದ್ದವು. ಬಿ.ಎ. ಮುಗಿಸಿ ಕೊಳ್ಳೇಗಾಲದ ಮನೆಗೆ ಬಂದು ಒಂದೂವರೆ ವರ್ಷವಾಗಿತ್ತು. ಈಗ ಅವುಗಳಿಗಿದ್ದ ಕೆಲಸ ಎರಡೇ: ಅಪ್ಪಾಜಿಯ ಕಾಗದಪತ್ರ ಬರೆಯುವುದು, ಅಪ್ಪಾಜಿಯ ಕೋವಿಯ ಮೇಲಿನ ದುರ್ಬೀನನ್ನು ಒರೆಸುವುದು. ಇವತ್ತು ಯಳಂದೂರಿನವರು ಅವಳನ್ನು ನೋಡಲು ಬರುವವರಿದ್ದರು. ಹಾಗೆಂದು ಅವ್ವ ಹೇಳುತ್ತಿದ್ದಳು. ಬಂದ ಕಾಗದವನ್ನು ಓದಿ ಹೇಳಿದ್ದವಳು ಚನ್ನಮಲ್ಲಮ್ಮನೇ ಆದ್ದರಿಂದ, ಅವರು ಯಾವುದನ್ನು ನೋಡಲು ಬರುತ್ತಿದ್ದಾರೆಂಬುದು ಅವಳಿಗೆ ಸರಿಯಾಗಿ ಗೊತ್ತಿತ್ತು. ಹುಡುಗನ ಸೋದರಮಾವ ಗುರುಮಲ್ಲಪ್ಪನವರು 'ತಮ್ಮ ಕುಮಾರಿಯನ್ನು ನೋಡಿದ ಹಾಗೂ ಆಯಿತು' ಎಂದು ಒಂದು ಸಾಲು ಬರೆದು, ಮಿಕ್ಕ ಅರ್ಧ ಪುಟವನ್ನು ದುರ್ಬೀನಿಗೆ ಕೊಟ್ಟಿದ್ದರು. ನಮ್ಮ ಹುಡುಗ ಅಮೆರಿಕದ ಹೊಸ ಮಾಡೆಲ್ಲಿನ ಕೋವಿ ದುರ್ಬೀನನ್ನು ತರಿಸಿದ್ದಾನೆ, ತಮ್ಮಲ್ಲಿ ಜರ್ಮನಿಯ ಹಳೆಯದು ಇದೆಯೆಂದು ಕೇಳಿದ್ದೇವೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕೆಂದು ಅವನಿಗೆ ಬಹಳ ಆಸೆ. ಅಪ್ಪಾಜಿ ಆ ಅರ್ಧ ಪುಟವನ್ನು ಅವಳಿಂದ ಮೂರು ಸಲ ಓದಿಸಿಕೊಂಡರು. ಆ ಒಂದು ಸಾಲು ಒಂದು ಸಲಕ್ಕೇ ಸಾಕಾಯಿತು.

ಅಪ್ಪಾಜಿಯ ದುರ್ಬೀನು ಬಿಳಿಗಿರಿ ಬೆಟ್ಟದ ಕಾಫಿ ತೋಟದ ದೊರೆಯೊಬ್ಬನದು. ಸ್ವಾತಂತ್ರ್ಯ ಬಂದ ವರ್ಷ ಅವನು ಗಂಟುಮೂಟೆ ಕಟ್ಟುವಾಗ ರೈಫಲ್ಲು ಸಮೇತ ಅದನ್ನು ಅಪ್ಪಾಜಿಗೆ, ಅಂದರೆ ಸದಾಶಿವಪ್ಪನವರಿಗೆ, ಬಿಟ್ಟುಹೋಗಿದ್ದ. ಸದಾಶಿವಪ್ಪನವರ ಮನೆಯಲ್ಲಿ ಲಿಂಗಪೂಜೆಯಾಗದೆ ನೀರು ಮುಟ್ಟುವವರಿಲ್ಲ. ಸಕ್ಕರೆ ಡಬ್ಬಿಗೆ ಇರುವೆ ಹತ್ತಿದರೆ ಬಿಸಿಲಿಗಿಟ್ಟು ಅವು ತಾವಾಗಿ ಹೋಗುವವರೆಗೆ ಕಾಯುವ ಮನೆ ಅದು. ಅಂಥ ಮನೆಗೆ ಕೋವಿ ಬಂತು. ಕೊಳ್ಳೇಗಾಲ ಸೇರಿದ್ದ ಕೊಯಮತ್ತೂರು ಜಿಲ್ಲೆಯ ಕಲೆಕ್ಟರು ಬೆಳೆ ಕಾವಲಿಗೆಂದು ಲೈಸೆನ್ಸು ಕೊಟ್ಟರು. ಈ ಆರು ವರ್ಷದಲ್ಲಿ ಅದು ಹಾರಿದ್ದು ಹನ್ನೊಂದು ಸಲ, ಹನ್ನೊಂದೂ ಕಾಡಂಚಿನ ಹೂಗ್ಯಂ ಊರಿನ ಹೊಲದ ರಾಗಿಯ ಮೇಲಿನ ಆಕಾಶಕ್ಕೆ. ಸದ್ದಿಗೆ ಹಂದಿಗಳು ಓಡಿದವು. ಹಂದಿಗೂ ನೋವಾಗಲಿಲ್ಲ, ಧರ್ಮಕ್ಕೂ ಆಗಲಿಲ್ಲ. ನೋವಾದದ್ದು ಅಪ್ಪಾಜಿಗೆ ಮಾತ್ರ. ಮೊದಲ ಗುಂಡಿನಲ್ಲೇ ಕೋವಿ ಹಿಂದಕ್ಕೆ ಒದ್ದು, ಕಣ್ಣಿಗೆ ತೀರ ಹತ್ತಿರ ಹಿಡಿದಿದ್ದ ದುರ್ಬೀನಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರದಂತೆ ಕೊರೆಯಿತು. ಆ ಗುರುತಿನ ಮೇಲೆ ಅಪ್ಪಾಜಿ ದಿನಾ ವಿಭೂತಿ ಬಳಿಯುತ್ತಿದ್ದರು. ಬೆವರಿಗೆ ವಿಭೂತಿ ಅಳಿಸಿದ ದಿನ ಗುರುತು ಕಂಡವರು ಅದನ್ನು ಕರಡಿಯ ಉಗುರೆಂದರು. ಅಪ್ಪಾಜಿ ಕರಡಿಯೆಂದು ಯಾವತ್ತೂ ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ. ಚನ್ನಮಲ್ಲಮ್ಮನಿಗೆ ಅಪ್ಪಾಜಿಯ ಈ ಮೌನ ಚಿಕ್ಕಂದಿನಿಂದ ಪರಿಚಿತವಾದದ್ದು, ಹೆಚ್ಚುಕಡಿಮೆ ಮನೆಯ ಒಂದು ಕೋಣೆಯ ಹಾಗೆ. ಎಲ್ಲರೂ ಅದರ ಮುಂದೆಯೇ ಓಡಾಡುತ್ತಿದ್ದರು, ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ.

ಹೋದ ವರ್ಷದಿಂದ ಆ ಕೋಣೆಗೆ ಇನ್ನೊಂದು ಸಾಮಾನು ಸೇರಿತ್ತು. ಪತ್ರಿಕೆಯ ಶಾಯಿ ಮೊದಲಿನಂತಿಲ್ಲ ಎಂದು ಅಪ್ಪಾಜಿ ದೂರತೊಡಗಿದರು. ಆಮೇಲೆ, ಓದಿದ ಹುಡುಗಿಗೆ ಓದು ತುಕ್ಕು ಹಿಡಿಯಬಾರದೆಂದು ಕಾಗದಗಳನ್ನೆಲ್ಲ ಅವಳ ಕೈಗೇ ಕೊಟ್ಟರು. ಅವ್ವ ಚೊಂಬನ್ನು, ಊರುಗೋಲನ್ನು, ವಿಭೂತಿ ಗಟ್ಟಿಯನ್ನು ಒಂದು ಅಂಗುಲವೂ ಆಚೀಚೆ ಆಗದಂತೆ ಇಡಲು ಶುರುಮಾಡಿದಳು, ಏಕೆಂದು ಅವಳೂ ಹೇಳಲಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಅಪ್ಪಾಜಿ ಕೈ ಚಾಚಿ ತುಪ್ಪದ ಬಟ್ಟಲೆಂದು ಉಪ್ಪಿನಕಾಯಿ ಭರಣಿಯಲ್ಲಿ ಚಮಚ ಅದ್ದಿದಾಗ ಚನ್ನಮಲ್ಲಮ್ಮ ಹೇಗೋ ಬಾಯಿಬಿಟ್ಟಿದ್ದಳು. "ಅಪ್ಪಾಜಿ, ಒಂದ್ ಸಲ ಮೈಸೂರಿಗೆ ಹೋಗಿ ಕಣ್ಣು ತೋರ್ಸ್ಕೊಂಡು ಬರೋಣ." ಅಪ್ಪಾಜಿ ಅನ್ನ ಕಲಸುತ್ತಲೇ, "ನನ್ ಕಣ್ಗೇನಾಗದೆ? ಸರ್ಕಾರದೋರು ಕುರುಡುನ್ಗೆ ಕೋವಿ ಲೈಸೆನ್ಸ್ ಕೊಟ್ಟವ್ರಾ?" ಎಂದರು. ಉಪ್ಪಿನಕಾಯಿ ರಸ ಸುರಿದುಕೊಂಡ ಆ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡರು. ಅವತ್ತು ರಾತ್ರಿ ದಿನಚರಿಯಲ್ಲಿ ಅವಳು 'ಈ ದಿನ ಊಟಕ್ಕೆ ಹುರುಳಿ ಸಾರು' ಎಂದಷ್ಟೇ ಬರೆದಳು.

ಕುಲಾವಿ ಹೊಲಿದವಳು ಅವಳೇ. ದುರ್ಬೀನಿನ ಜೊತೆ ಬಂದಿದ್ದ ಚರ್ಮದ ಮುಚ್ಚಳಗಳನ್ನು ಗೆದ್ದಲು ತಿಂದಿತ್ತು. ನೇಯ್ಗೆಯವರ ಬೀದಿಯಿಂದ ತಂದ ಕಪ್ಪು ರೇಷ್ಮೆಯ ತುಂಡಿನಲ್ಲಿ ಅವಳು ಕೂಸಿನ ತಲೆಗೆ ಹಾಕುವಂಥ ಎರಡು ಪುಟ್ಟ ಕುಲಾವಿ ಹೊಲಿದು, ಅಂಚಿಗೆ ದಾರ ಪೋಣಿಸಿ, ದೂಳು ಹೋಗದಂತೆ ಹಿಂದೊಂದು ಮುಂದೊಂದು ಬಿಗಿದಿದ್ದಳು. ಕಪ್ಪು ಕೊಳವೆಯ ಮೇಲೆ ಕಪ್ಪು ಬಟ್ಟೆ. ಗೊತ್ತಿಲ್ಲದವರಿಗೆ ಕಾಣುತ್ತಲೇ ಇರಲಿಲ್ಲ. "ಕುಲಾವಿ ಒಲಿಯೋ ವಯಸ್ಸೇ ಕಣವ್ವಾ, ಆದ್ರೆ ಕೋವಿಗಲ್ಲ," ಎಂದು ಅವ್ವ ನಕ್ಕಿದ್ದಳು. ಇವತ್ತು ಬೆಳಿಗ್ಗೆ ಅವಳು ಹಿತ್ತಿಲ ಜಗಲಿಯ ಮೇಲೆ ಕೂತು ಹಿಂದಿನ ಕುಲಾವಿ ಬಿಚ್ಚಿ, ಗಾಜನ್ನು ಊದಿ ಊದಿ ಒರೆಸುತ್ತಿದ್ದಾಗ ಬೀದಿಯಲ್ಲಿ ಗಂಡಸರ ದನಿ ಕೇಳಿತು. ಯಳಂದೂರಿನವರು ಒಂದು ಬಸ್ಸು ಮೊದಲೇ ಬಂದುಬಿಟ್ಟಿದ್ದರು. ಅವಳು ಉಟ್ಟ ಸೀರೆಯಲ್ಲೇ, ಬಿಚ್ಚಿದ ಒಂದು ಕುಲಾವಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಒಳಗೆ ಓಡಿದಳು.

ಬಂದವರು ಇಬ್ಬರೇ. ಗುರುಮಲ್ಲಪ್ಪನವರು ಸ್ಥೂಲಕಾಯದ, ಯಾವುದಕ್ಕಾದರೂ ಹೂಂಗುಟ್ಟುವ ಮನುಷ್ಯ. ಹುಡುಗ ಶಿವರುದ್ರಸ್ವಾಮಿ ತೆಳ್ಳಗೆ, ಬಿಳಿ ಕೋಟಿನಲ್ಲಿ, ಅರಣ್ಯದ ಕಂಟ್ರಾಕ್ಟು ಮಾಡುವವನು. ಅವನು ಕೋವಿ ತಂದಿರಲಿಲ್ಲ. ಅವನ ಕೋವಿಯ ಲೈಸೆನ್ಸು ಮೈಸೂರು ಸಂಸ್ಥಾನದ್ದು, ಕೊಳ್ಳೇಗಾಲ ಮದರಾಸಿಗೆ ಸೇರಿದ್ದು. ಹತ್ತು ಮೈಲಿಯ ದಾರಿಯಲ್ಲಿ ಎಲ್ಲೋ ಒಂದು ಕಡೆ ಅವನ ಕೋವಿ ಅಪರಾಧವಾಗಿಬಿಡುತ್ತಿತ್ತು. "ದುರ್ಬೀನಿಗೆ ಯಾವ ಸರ್ಕಾರದ್ದೂ ಲೈಸೆನ್ಸು ಬೇಡ, ನೋಡೋದು ತಪ್ಪಲ್ವಲ್ಲ," ಎನ್ನುತ್ತ ಅವನು ಹಿತ್ತಿಲ ಜಗಲಿಯಲ್ಲಿ ಕೂತು, ಸುತ್ತಿದ್ದ ಟವಲು ಬಿಚ್ಚಿ, ಪೆಟ್ಟಿಗೆ ತೆರೆದು, ಹೊಸದನ್ನು ಅಪ್ಪಾಜಿಯ ಅಂಗೈ ಮೇಲಿಟ್ಟ. ಚನ್ನಮಲ್ಲಮ್ಮ ಕಿಟಕಿಯ ಹಿಂದಿನಿಂದ ನೋಡುತ್ತಿದ್ದಳು. ಅಪ್ಪಾಜಿ ಅದನ್ನು ತೂಗಿದರು, ಬೆರಳಿನಿಂದ ಉದ್ದಕ್ಕೂ ಸವರಿದರು. ಅವರು ಯಾವುದನ್ನಾದರೂ ನೋಡುವುದು ಈಚೆಗೆ ಹೀಗೆಯೇ.

"ಅಗುರ ಅದೆ," ಎಂದರು ಅಪ್ಪಾಜಿ. ಅದು ಹೊಗಳಿಕೆಯಾಗಿರಲಿಲ್ಲ.

"ಅಲ್ಯೂಮಿನಿಯಂ ಸೇರಿರೋ ಲೋಹ. ನಿಮ್ಮದು ಉಕ್ಕು," ಎಂದ ಶಿವರುದ್ರಸ್ವಾಮಿ.

"ಉಕ್ಕು. ದೊರೆ ಜೊತೆ ಎರಡ್ ಯುದ್ಧ ನೋಡ್ಬಂದದೆ."

"ಯುದ್ಧಕ್ಕೆ ಓಗಿದ್ನಾ ದೊರೆ?" ಎಂದು ಗುರುಮಲ್ಲಪ್ಪನವರು ಕೇಳಿದರು.

"ಓಗಿರ್ಬೈದು," ಎಂದರು ಅಪ್ಪಾಜಿ.

ಪೆಟ್ಟಿಗೆಯಲ್ಲಿ ದುರ್ಬೀನಿನ ವಿವರವಿದ್ದ ಇಂಗ್ಲಿಷಿನ ಒಂದು ಮಡಚಿದ ಕಾಗದವಿತ್ತು. ಹುಡುಗಿ ಬಿ.ಎ., ಅವಳೇ ಓದಿ ಹೇಳಲಿ ಎಂದು ಗುರುಮಲ್ಲಪ್ಪನವರು ಅಂದಾಗ ಅದು ಹೆಣ್ಣು ನೋಡುವ ಶಾಸ್ತ್ರವಾಯಿತು. ಅವಳು ಸೀರೆ ಬದಲಿಸಿಕೊಂಡು ಬಂದು ಚಾಪೆಯ ತುದಿಯಲ್ಲಿ ಕೂತಳು. ಎರಡು ಮಾರು ದೂರದಲ್ಲಿ ಕೋವಿ ರಾಗಿ ಮೂಟೆಯ ಮೇಲೆ ಮಲಗಿತ್ತು. ಕಾಗದದಿಂದ ಕಣ್ಣೆತ್ತಿದ್ದರೆ ಅದರ ಮೂತಿ ಅವಳಿಗೆ ಕಾಣುತ್ತಿತ್ತು, ಎತ್ತಲಿಲ್ಲ. ಹಾಡು ಹೇಳು ಅನ್ನುತ್ತಾರೆ, ರಂಗೋಲಿ ತೋರಿಸು ಅನ್ನುತ್ತಾರೆ ಎಂದು ಹಾಸ್ಟೆಲ್ಲಿನ ಗೆಳತಿಯರು ಹೆದರಿಸುತ್ತಿದ್ದುದನ್ನು ನೆನೆಯುತ್ತ, ಅವಳು ಗಾಜಿಗೆ ಬಳಿದ ತೆಳುವಾದ ಲೇಪದ ಬಗ್ಗೆ ಓದಿದಳು. ಅದರಿಂದಲೇ ಗಾಜು ನೀಲಿ ಹೊಡೆಯುವುದು. ಬಿದ್ದ ಬೆಳಕು ಹಿಂದಕ್ಕೆ ಚೆದರದೆ ಅಷ್ಟೂ ಒಳಗೆ ಹೋಗುತ್ತದೆ. ಹಳೆಯ ಮಾಡೆಲ್ಲುಗಳಲ್ಲಿ ಇದಿಲ್ಲ. ಹಳೆಯವುಗಳಲ್ಲಿ ತಿರುಪು ಒಂದೇ, ಮೇಲೆ ಕೆಳಗೆ ಮಾಡುವುದಕ್ಕೆ ಮಾತ್ರ. ಎಡಬಲಕ್ಕೆ ಸರಿಸಬೇಕಾದರೆ ಕೋವಿಗೆ ಬಿಗಿದ ಹಿಡಿಕೆಯನ್ನೇ ಸಡಿಲಿಸಬೇಕು. ಹೊಸದರಲ್ಲಿ ಎರಡು ತಿರುಪು. ಕಣ್ಣನ್ನು ಮೂರು ನಾಲ್ಕು ಅಂಗುಲ ದೂರವಿಟ್ಟರೂ ಪೂರ್ತಿ ಕಾಣುತ್ತದೆ, ಆದ್ದರಿಂದ ಗುಂಡು ಹಾರಿಸಿದಾಗ ಹುಬ್ಬಿಗೆ... ಅವಳು ಅಲ್ಲಿ ನಿಂತಳು.

"ಉಬ್ಬಿಗೆ ಏನಂತೆ?" ಎಂದರು ಗುರುಮಲ್ಲಪ್ಪನವರು.

"ಹುಬ್ಬಿಗೆ ನೆರಳು ಬೀಳೋದಿಲ್ಲವಂತೆ," ಎಂದಳು ಚನ್ನಮಲ್ಲಮ್ಮ. ಶಿವರುದ್ರಸ್ವಾಮಿಗೆ ಆ ಕಾಗದ ಬಾಯಿಪಾಠವಾಗಿತ್ತೆಂದು ಅವನ ಮೀಸೆಯ ಕೆಳಗಿನ ಒಂದು ಅಲುಗಾಟದಿಂದ ಅವಳಿಗೆ ತಿಳಿಯಿತು. ಅವನು ಅಪ್ಪಾಜಿಯ ಹಣೆಯ ವಿಭೂತಿಯನ್ನು ನೋಡಿ, ನಂತರ ಅವಳನ್ನು ನೋಡಿದ. ಅವನು ಅವಳ ಮುಖವನ್ನು ನೋಡಿದ್ದು ಅದೇ ಮೊದಲು. ಅವಳು ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಅವ್ವ, "ಏನಂದ್ರು?" ಎಂದಾಗ, "ಹೊಸ ದುರ್ಬೀನಿನ ಒಳಗೆ ಗುರಿ ಹಿಡಿಯೋಕೆ ಎರಡು ಗೆರೆ ಇದೆಯಂತೆ, ಕೂದಲಷ್ಟು ತೆಳು," ಎಂದಳು. ಅವ್ವ ಹಣೆ ಚಚ್ಚಿಕೊಂಡು ಚಕ್ಕುಲಿ ತೆಗೆಯಲು ಹೋದಳು.

ಪರೀಕ್ಷೆಗೆ ಅಪ್ಪಾಜಿ ಮೊದಲೇ ಅಣಿಮಾಡಿಸಿದ್ದರು. ಹಿತ್ತಿಲ ಜಗಲಿಯ ಎದುರಿಗೆ ಗದ್ದೆ, ಗದ್ದೆಯಾಚೆ ಎರಡು ಫರ್ಲಾಂಗು ದೂರದಲ್ಲಿ ಕೆರೆಯ ಏರಿ. ಏರಿಯ ಮೇಲೆ ಐದು ಮಡಕೆಗಳಿಗೆ ಸುಣ್ಣ ಬಳಿದು ಸಾಲಾಗಿ ಇಡಬೇಕು. ಹೂಗ್ಯಂ ಹೊಲ ನೋಡಿಕೊಳ್ಳುವ ಮುದುಕ ಚಿಕ್ಕಮಾದಪ್ಪ ಮಡಕೆ ಹೊತ್ತುಕೊಂಡು ಹೊರಟವನು ಜಗಲಿಯ ಹತ್ತಿರ ನಿಂತ. "ಬುದ್ದೀ, ಗುಂಡ್ ಆರ್ಸೋದಿಲ್ವಲ್ಲ? ನಾನು ಮಡ್ಕೆ ಪಕ್ದಲ್ಲೇ ಕೂತಿರ್ತೀನಿ."

"ಬರೀ ನೋಡೋದು ಕಣೋ. ಓಗು."

"ನೋಡೋಕೆ ಎಲ್ಡ್ ಕಣ್ ಸಾಕಲ್ವಾ, ಮಡ್ಕೆ ಯಾಕ್ ಬೇಕು ಬುದ್ದಿ," ಎಂದು ಗೊಣಗುತ್ತ ಅವನು ಬದುವಿನ ಮೇಲೆ ಹೋದ.

ಮೊದಲು ಹೊಸದು. ಅಪ್ಪಾಜಿ ಅದನ್ನು ಮೂಟೆಯ ಮೇಲೆ ಊರಿ, ಕಣ್ಣಿಟ್ಟು, ಬಹಳ ಹೊತ್ತು ನೋಡಿದರು. "ಪರವಾಗಿಲ್ಲ. ಗೆರೆ ತೆಳ್ಳಗಾಯ್ತು. ಮಂಜು ಮಂಜು ಅನ್ಸ್ತದೆ." ಗುರುಮಲ್ಲಪ್ಪನವರು ನೋಡಿ, "ಊಂ, ಚೂರು ಮಂಜೇ," ಎಂದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ನಂತರ ಅಪ್ಪಾಜಿ ರೈಫಲ್ಲನ್ನು ಎಳೆದುಕೊಂಡು, ಅಭ್ಯಾಸವಾದ ಭಂಗಿಯಲ್ಲಿ ಕೆನ್ನೆಯನ್ನು ಹಿಡಿಗೆ ಒತ್ತಿ, ತಮ್ಮ ಹಳೆಯ ದುರ್ಬೀನಿಗೆ ಕಣ್ಣು ಕೊಟ್ಟರು. ಆಗ ಕಿಟಕಿಯ ಹಿಂದೆ ನಿಂತಿದ್ದ ಚನ್ನಮಲ್ಲಮ್ಮನಿಗೆ ಕೊಳವೆಯ ಮುಂದಿನ ತುದಿಯಲ್ಲಿ ತಾನೇ ಹಾಕಿದ್ದ ಹೊಲಿಗೆ ಕಾಣಿಸಿತು. ಒಂದು ಕುಲಾವಿ ಅವಳ ತಲೆದಿಂಬಿನ ಕೆಳಗಿತ್ತು. ಇನ್ನೊಂದು ಅಲ್ಲಿಯೇ ಇತ್ತು, ದಾರ ಬಿಗಿದುಕೊಂಡು.

ಈಗ ಮುಖ ಎತ್ತುತ್ತಾರೆ, ಏ ಚನ್ನಿ, ಮುಚ್ಚಳ ತೆಗೆದಿಲ್ವಲ್ಲೇ ಎಂದು ಕೂಗುತ್ತಾರೆ, ಎಲ್ಲರೂ ನಗುತ್ತಾರೆ, ನಾನು ಹೊರಗೆ ಹೋಗಿ ಅದನ್ನು ಬಿಚ್ಚಬೇಕಾಗುತ್ತದೆ ಎಂದು ಅವಳು ಅಂದುಕೊಂಡಳು. ಆ ಗಳಿಗೆಯಲ್ಲಿ ಅವಳಿಗಿದ್ದ ಭಯ ಅಷ್ಟೇ, ಹೊರಗೆ ಹೋಗಬೇಕಾಗುತ್ತದಲ್ಲ ಎಂಬುದು. ಅಪ್ಪಾಜಿ ಮುಖ ಎತ್ತಲಿಲ್ಲ. ಅವರ ಬೆನ್ನು ಮಾತ್ರ ಒಂದು ಸಲ, ತಣ್ಣೀರು ಬಿದ್ದವರ ಬೆನ್ನಿನಂತೆ, ಸೆಟೆಯಿತು. ರೆಪ್ಪೆ ಬಡಿದರು, ಮತ್ತೆ ಕಣ್ಣಿಟ್ಟರು. ಎಷ್ಟು ಹೊತ್ತು? ಹತ್ತು ಉಸಿರು. ಆಮೇಲೆ ಅವರ ದನಿ ಬಂತು, ಎಂದಿಗಿಂತ ಸ್ವಲ್ಪ ಜೋರಾಗಿ.

"ಇದು ನೋಡಿ ದುರ್ಬೀನು ಅಂದ್ರೆ. ಐದೂ ಮಡ್ಕೆ ಕೈಲಿಡ್ದಂಗೆ ಕಾಣ್ತವೆ. ಸುಣ್ಣ ಸೋರಿರೋದು ಕೂಡ." ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು. "ಮೂರ್ನೇದ್ರ ಮೇಲೆ ಒಂದ್ ಕಾಗೆ ಕೂತದೆ," ಎಂದರು.

ಶಿವರುದ್ರಸ್ವಾಮಿ ಅಪ್ಪಾಜಿಯ ಪಕ್ಕದಲ್ಲೇ ಮೊಣಕಾಲೂರಿ ಕೂತಿದ್ದ. ಅವನಿಗೆ ಕುಲಾವಿ ಕಂಡಿತ್ತು. ಕಾಣದಿರಲು ಸಾಧ್ಯವಿರಲಿಲ್ಲ, ಅದು ಅವನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು. ಅವನು ನಗಲಿಲ್ಲ. "ಕೊಡಿ, ನಾನೂ ನೋಡ್ತೀನಿ," ಎಂದು ಕೋವಿಯನ್ನು ತೆಗೆದುಕೊಂಡು, ಮುಂದಿನ ಗಾಜು ಒರೆಸುವವನಂತೆ ಕರವಸ್ತ್ರ ಹಿಡಿದು, ಹೆಬ್ಬೆರಳಿನಿಂದ ಕುಲಾವಿಯನ್ನು ಜಾರಿಸಿ, ಕರವಸ್ತ್ರದ ಸಮೇತ ಕೋಟಿನ ಜೇಬಿಗೆ ಹಾಕಿಕೊಂಡ. ಎಷ್ಟು ಸಲೀಸಾಗಿ ಮಾಡಿದನೆಂದರೆ ಗುರುಮಲ್ಲಪ್ಪನವರು ವೀಳ್ಯದೆಲೆಯ ತೊಟ್ಟು ಮುರಿಯುತ್ತಲೇ ಇದ್ದರು. ಜೇಬಿನಿಂದ ಕೈ ತೆಗೆಯುವಾಗ ಅವನು ಕಿಟಕಿಯ ಕಡೆ ತಿರುಗಿದ. ಅದು ನೋಟವೋ, ಉಪಕಾರ ಮಾಡಿದವನು ಕೇಳಿ ಪಡೆಯುವ ರಸೀತಿಯೋ, ಅವಳಿಗೆ ತಿಳಿಯಲಿಲ್ಲ. ಆಮೇಲೆ ಅವನು ಹಳೆಯ ದುರ್ಬೀನಿನಲ್ಲಿ ನೋಡಿದ. "ಇದರೊಳಗಿನ ಗುರಿಮುಳ್ಳು ದಪ್ಪ ಇದೆ. ಸಂಜೆ ಮಬ್ಬಿನಲ್ಲಿ ನಮ್ಮ ತೆಳು ಗೆರೆ ಅಳಿಸಿಹೋಗುತ್ತೆ, ಇದು ನಿಲ್ಲುತ್ತೆ. ಹಳೇದೇ ವಾಸಿ ಅನ್ನಬೇಕು. ನಿಮ್ಮ ಕಣ್ಣೂ ಕೂಡ."

ಗುರುಮಲ್ಲಪ್ಪನವರ ಸರದಿ ಬಂತು. "ಊಂ. ಐದದೆ. ಕಾಗೆ ಆರೋಯ್ತು ಅಂತ ಕಾಣ್ತದೆ," ಎಂದರು ಅವರು. ಒಂದು ಕ್ಷಣ ಯೋಚಿಸಿ, "ಈಗ್ತಾನೆ ಆರಿರ್ಬೇಕು," ಎಂದು ಸೇರಿಸಿದರು.

ಅವಳು ಕಾಫಿ ತಟ್ಟೆ ಹಿಡಿದು ಹೊರಗೆ ಹೋದಾಗ ಅಪ್ಪಾಜಿ ಗೋಡೆಗೆ ಒರಗಿ ಕೂತಿದ್ದರು, ಎರಡೂ ಕೈ ತೊಡೆಯ ಮೇಲೆ. ಅವರ ಮುಖದಲ್ಲಿ ಗೆದ್ದವರ ಕಳೆ ಇರಬೇಕಾಗಿತ್ತು. ಗುರುಮಲ್ಲಪ್ಪನವರು ಹುರುಪಿನಿಂದ, "ಬಾರವ್ವ, ನೀನೂ ನೋಡು. ಓದಿರೋ ಮಗ, ನಿನ್ ತೀರ್ಪೂ ಒಂದಿರ್ಲಿ," ಎಂದರು. ಹೆಣ್ಣು ನೋಡಲು ಬಂದವರ ಎದುರು ಹೆಣ್ಣು ಕೋವಿಯ ಹಿಂದೆ ಕೂತು ಒಂದು ಕಣ್ಣು ಮುಚ್ಚುವುದು ಯಾವ ಶಾಸ್ತ್ರದಲ್ಲಿದೆಯೋ, ಅವಳು ಕೂತಳು. ಉಕ್ಕು ತಣ್ಣಗಿತ್ತು. ಐದು ಮಡಕೆಗಳು ಥಟ್ಟನೆ ಹತ್ತಿರ ಬಂದವು, ಬಿಳಿಯಾಗಿ, ಸುಣ್ಣ ಎಲ್ಲಿಯೂ ಸೋರದೆ. ಪಕ್ಕದಲ್ಲಿ ಚಿಕ್ಕಮಾದಪ್ಪ ಕೂತು ಕಾಲಿನ ಮುಳ್ಳು ತೆಗೆಯುತ್ತಿದ್ದ. ತನ್ನನ್ನು ಯಾರೂ ನೋಡುತ್ತಿಲ್ಲವೆಂಬ ಅವನ ನೆಮ್ಮದಿ ಅವಳಿಗೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ಒಂದು ಗಳಿಗೆ ಅಲ್ಲಿಂದ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಆ ಮುದುಕನ ಪಕ್ಕ, ಏರಿಯ ಮೇಲೆ, ದುರ್ಬೀನಿನ ಆ ತುದಿಯಲ್ಲಿ ಇರುವುದು ಎಷ್ಟು ಸುಖ.

"ಕಾಗೆ ಕಂಡದಾ?" ಎಂದರು ಅಪ್ಪಾಜಿ. ಪ್ರಶ್ನೆ ಮೆಲ್ಲಗೆ ಬಂತು. ಬೇರೆಯವರಿಗೆ ಅದು ತಮಾಷೆ. ಅವಳ ಕಿವಿಗೆ ಮಾತ್ರ ಅದರಲ್ಲಿ ಒಂದು ಬೇಡಿಕೆ ಕೇಳಿಸಿತು.

"ಇತ್ತು," ಎಂದಳು. "ನಾನು ಕಣ್ಣಿಟ್ಟಾಗ ಹಾರಿಹೋಯ್ತು."

ಶಿವರುದ್ರಸ್ವಾಮಿ ಕಾಫಿ ಲೋಟ ತೆಗೆದುಕೊಳ್ಳುತ್ತ, ಅವಳಿಗೊಬ್ಬಳಿಗೇ ಕೇಳುವಂತೆ, "ಚೆನ್ನಾಗಿ ಹೇಳಿದ್ರಿ," ಎಂದ. ದನಿಯಲ್ಲಿ ಮರುಕವಿತ್ತು. ಅವನು ಒಳ್ಳೆಯವನು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ಮೈಯೆಲ್ಲ ಬಿಸಿಯಾಯಿತು, ನಾಚಿಕೆಯಿಂದಲ್ಲ. ನಲವತ್ತು ವರ್ಷ ಈ ಒಳ್ಳೆಯತನದ ಎದುರಿಗೆ ಕೂತು ಅನ್ನ ಬಡಿಸಬೇಕು. ಪ್ರತಿ ಹಬ್ಬಕ್ಕೆ ಅಪ್ಪಾಜಿ ಯಳಂದೂರಿಗೆ ಬಂದಾಗ ಅವನು ಎದ್ದು ನಿಂತು ಜಾಗ ಕೊಡುತ್ತಾನೆ, ಚೊಂಬನ್ನು ಅವರ ಕೈಗೆ ಸಿಗುವ ಹಾಗೆ ಸರಿಸುತ್ತಾನೆ, ಮತ್ತು ಅವಳ ಕಡೆ ತಿರುಗಿ ನೋಡುತ್ತಾನೆ. ಅವನು ಯಾವತ್ತೂ ಬಾಯಿಬಿಡುವುದಿಲ್ಲ. ಅದೇ ತಾಳಲಾಗದ್ದು.

ಮಧ್ಯಾಹ್ನದ ಬಸ್ಸಿಗೆ ಅವರು ಹೋದರು. ಅವ್ವ ಎಲೆಅಡಿಕೆ ತಟ್ಟೆ ಎತ್ತಿಡುತ್ತ, "ಉಡುಗ ಗಂಭೀರ ಅವ್ನೆ, ಒಂದ್ ಮಾತು ಎಚ್ಚಿಲ್ಲ," ಎಂದಳು. ಚನ್ನಮಲ್ಲಮ್ಮ ಜಗಲಿಗೆ ಬಂದಾಗ ಅಪ್ಪಾಜಿ ಒಬ್ಬರೇ ಇದ್ದರು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬಲಗಣ್ಣಿನಿಂದ ಗದ್ದೆಯ ಕಡೆ ನೋಡುತ್ತಿದ್ದರು. ಆಮೇಲೆ ಬಲಗಣ್ಣನ್ನು ಮುಚ್ಚಿದರು. ಮತ್ತೆ ಎಡಗಣ್ಣು. ಅವರು ಲೆಕ್ಕ ಸರಿಹೋಗದವರಂತೆ ಹಾಗೆ ಮಾಡುತ್ತಲೇ ಇದ್ದಾಗ ಅವಳಿಗೆ ಬೆಳಗಿನಿಂದ ಹೊಳೆಯದಿದ್ದದ್ದು ಹೊಳೆಯಿತು. ಅಪ್ಪಾಜಿ ಜಂಬಕ್ಕೆ ಸುಳ್ಳು ಹೇಳಿದರೆಂದು ಅವಳು ತಿಳಿದಿದ್ದಳು. ಹಾಗಲ್ಲ. ಹೊಸದರಲ್ಲಿ ಅವರಿಗೆ ಮಂಜಾದರೂ ಕಂಡಿತ್ತು. ಹಳೆಯದಕ್ಕೆ ಕಣ್ಣಿಟ್ಟಾಗ ಬರೀ ಕತ್ತಲೆ. ಮಿಕ್ಕವರೆಲ್ಲ ಅದೇ ಕೊಳವೆಯಲ್ಲಿ ನೋಡಿ ಐದು ಮಡಕೆ ಎಣಿಸಿದರು. ಹಾಗಾದರೆ ಕತ್ತಲೆ ಇರುವುದು ಕೊಳವೆಯಲ್ಲಲ್ಲ, ತಮ್ಮ ಕಣ್ಣಲ್ಲೇ ಎಂದು ಅವರು ತಿಳಿದುಕೊಂಡಿದ್ದರು. ಆ ಹತ್ತು ಉಸಿರಿನಲ್ಲಿ ಅವರು ಕುರುಡಾಗಿದ್ದರು, ಕುರುಡಾಗಿ, ಕಾಗೆಯನ್ನು ಕೂರಿಸಿದ್ದರು. ಮತ್ತು ಆ ಕತ್ತಲೆಯನ್ನು ಹೊಲಿದವಳು ಅವಳು.

"ಅಪ್ಪಾಜಿ," ಎಂದಳು. ಜೀವಮಾನದಲ್ಲಿ ಅಷ್ಟು ಉದ್ದದ ಮಾತನ್ನು ಅವಳು ಅವರಿಗೆ ಆಡಿರಲಿಲ್ಲ. "ನೀವು ನೋಡಿದಾಗ ಹಳೇದರ ಮುಂದೆ ಕುಲಾವಿ ಇತ್ತು. ನಾನು ಬಿಚ್ಚೋದು ಮರ್ತಿದ್ದೆ. ಅದಕ್ಕೇ ಕಪ್ಪಗಾಗಿದ್ದು. ನಿಮ್ಮ ಕಣ್ಣು ಬೆಳಿಗ್ಗೆ ಹೆಂಗಿತ್ತೋ ಹಂಗೇ ಇದೆ."

ಅಪ್ಪಾಜಿ ಅಂಗೈ ಇಳಿಸಿದರು. "ಕಪ್ಪಗಿತ್ತು ಅಂತ ಯಾರಂದ್ರು?"

"ಯಾರೂ ಅನ್ಲಿಲ್ಲ."

"ಕುಲಾವಿ ಎಲ್ಲದೆ, ತೋರ್ಸು."

ಅದು ಯಳಂದೂರಿನ ಬಸ್ಸಿನಲ್ಲಿತ್ತು. ಅವರು ಬೆರಳು ಚಾಚಿ ದುರ್ಬೀನಿನ ಮುಂದಿನ ತುದಿಯನ್ನು ಸವರಿದರು, ಬರಿಯ ಗಾಜು. "ಆ ಹುಡುಗ ತೆಗೆದ್ರು. ಯಾರಿಗೂ ಕಾಣದ ಹಾಗೆ," ಎಂದಳು. ಹೇಳಿದ ಮೇಲೆ, ಹೇಳಬಾರದಿತ್ತೆಂದು ತಿಳಿಯಿತು. ಅಪ್ಪಾಜಿ ಗಾಜಿನಿಂದ ಬೆರಳು ಹಿಂದಕ್ಕೆ ತೆಗೆದರು.

"ಕುಲಾವಿ ಇದ್ದಿದ್ರೆ ನಂಗೆ ಕಾಗೆ ಎಂಗ್ ಕಂಡದು?" ಎಂದರು, ಮಗುವಿಗೆ ತಿಳಿಹೇಳುವ ದನಿಯಲ್ಲಿ. "ನೀನೂ ಕಂಡ್ಯಲ್ಲ ಅದ್ನ. ಇತ್ತು ಅಂತ ನೀನೇ ಅಂದ್ಯಲ್ಲ, ನಾಕ್ ಜನದ್ ಮುಂದೆ."

ಅವಳಿಗೆ ಒಂದೇ ದಾರಿ ಉಳಿದಿತ್ತು. "ಈಗ ಒಂದ್ ಸಲ ನೋಡಿ ಅಪ್ಪಾಜಿ. ಬರೀ ಒಂದ್ ಸಲ."

"ಬೆಳಕು ಓಯ್ತು," ಎಂದರು ಅವರು. ಗದ್ದೆಯ ತುಂಬ ಮೂರು ಗಂಟೆಯ ಬಿಸಿಲು ಬಿದ್ದಿತ್ತು. "ಕಾಗ್ದ ತಕಂಡ್ ಬಾ. ಸಂಜೆ ಟಪಾಲ್ಗೆ ಓಗ್ಬೇಕು. ಒಪ್ಗೆ ಅಂತ ಬರ್ದುಬುಡಣ. ಆ ಒಸಾದ್ರಂತೋದು ನಂಗೂ ಒಂದ್ ತರ್ಸ್ಕೊಡು ಅಂತ್ಲೂ ಬರಿ. ಇದು ಭಾರ ಆಯ್ತದೆ ತೋಳ್ಗೆ."

ಅವಳು ಹಲಗೆ, ಕಾಗದ, ಶಾಯಿ ತಂದು ಅವರ ಎದುರು ಕೂತಳು. ಅಪ್ಪಾಜಿ ಕಣ್ಣು ಮುಚ್ಚಿ, ಬಾಯಿಗೆ ಬಂದ ಹಾಗಲ್ಲದೆ ಬರವಣಿಗೆಯ ಕನ್ನಡದಲ್ಲಿ, ಒಂದೊಂದೇ ವಾಕ್ಯವನ್ನು ತೂಕಮಾಡಿ ಹೇಳಿದರು. ಯಳಂದೂರು ಗುರುಮಲ್ಲಪ್ಪನವರ ಸನ್ನಿಧಾನಕ್ಕೆ ಸದಾಶಿವಪ್ಪನ ಶರಣು ಶರಣಾರ್ಥಿಗಳು. ಉಭಯಕುಶಲೋಪರಿ. ತಾವು ಬಂದು ಹೋದದ್ದು ಸಂತೋಷ. ಸಂಬಂಧ ನಮಗೆಲ್ಲರಿಗೂ ಒಪ್ಪಿಗೆ. ಅವಳು ಶರಣಾರ್ಥಿಗಳವರೆಗೆ ಬರೆದಳು. ಉಭಯಕುಶಲೋಪರಿಯನ್ನೂ ಬರೆದಳು. ಅಲ್ಲಿ ಲೇಖನಿ ಒಂದು ಕ್ಷಣ ನಿಂತಿತು. ಈ ಮನುಷ್ಯ ಈ ಕಾಗದವನ್ನು ಓದಲಾರ ಎಂಬುದು ಅವಳಿಗೆ ಒಂದು ವರ್ಷದಿಂದ ಗೊತ್ತಿದ್ದ ವಿಷಯ. ಅದರಿಂದ ಏನು ಮಾಡಬಹುದೆಂಬುದು 'ಒಪ್ಪಿಗೆ' ಎಂಬ ಪದ ಕೇಳಿದಾಗ ಗೊತ್ತಾಯಿತು. ಅಪ್ಪಾಜಿ ಮುಂದಕ್ಕೆ ಹೇಳುತ್ತಿದ್ದರು. ಅವಳ ಕೈಯೂ ಮುಂದಕ್ಕೆ ಹೋಗುತ್ತಿತ್ತು, ಅದೇ ವೇಗದಲ್ಲಿ.

'ಈ ದಿನ ನಾನು ಹಳೆಯ ದುರ್ಬೀನಿನಲ್ಲಿ ನೋಡಿದಾಗ ಅದರ ಬಾಯಿ ಮುಚ್ಚಿತ್ತು. ನನಗೆ ಏನೂ ಕಾಣಲಿಲ್ಲ. ಕಂಡಿತೆಂದು ಹೇಳಿದೆ. ನನ್ನ ಕಣ್ಣಿಗೆ ಪೊರೆ ಬಂದು ವರ್ಷವಾಯಿತು. ಇದು ಚಿರಂಜೀವಿ ಶಿವರುದ್ರಸ್ವಾಮಿಗೆ ಗೊತ್ತಿದೆ. ಅವರೊಬ್ಬರಿಗೇ ಗೊತ್ತಿರುವುದು ಬೇಡ, ತಮಗೂ ಗೊತ್ತಿರಲೆಂದು ಬರೆದಿದ್ದೇನೆ. ಮೊದಲು ಮೈಸೂರಿಗೆ ಹೋಗಿ ಕಣ್ಣು ತೋರಿಸಿಕೊಳ್ಳಬೇಕು. ಮದುವೆಯ ಮಾತು ಆಮೇಲೆ. ಕಾಗೆ ಇರಲಿಲ್ಲ.'

ಬರೆದದ್ದನ್ನು ಅವಳು ನೋಡಿದಳು. ಅಕ್ಷರಗಳು ದುಂಡಾಗಿ, ಹಾಸ್ಟೆಲ್ಲಿನ ವಾರ್ಡನ್ ಕೂಡ ಮೆಚ್ಚುವಂತೆ ಬಂದಿದ್ದವು. ಆ ಯುವಕನ ಜೇಬಿನಿಂದ ತಾನು ಏನನ್ನೋ ವಾಪಸು ತೆಗೆದುಕೊಂಡೆನೆಂದು ಒಂದು ಕ್ಷಣ ಬೀಗಿದಳು. ಮರುಕ್ಷಣ, ಅಪ್ಪಾಜಿಯ ಸುಳ್ಳೆಲ್ಲ ಕಾಗದದಲ್ಲಿ ಸಾಲುಸಾಲಾಗಿ ಕೂತಿದೆ, ಕಾಗೆ ಹಾರಿಹೋಯಿತೆಂಬ ತನ್ನ ಸುಳ್ಳಿಗೆ ಮಾತ್ರ ಅಲ್ಲಿ ಜಾಗ ಸಿಕ್ಕಿಲ್ಲ ಎಂಬುದು ಕಂಡಿತು. ಸೇರಿಸಬಹುದಾಗಿತ್ತು, ಪುಟದಲ್ಲಿ ಎರಡು ಸಾಲಿನಷ್ಟು ಸ್ಥಳವಿತ್ತು. ಅದನ್ನು ಸಹಿಗೆ ಬಿಟ್ಟಳು.

"ಓದು," ಎಂದರು ಅಪ್ಪಾಜಿ.

ಅವಳು ಕಾಗದವನ್ನು ಎತ್ತಿ ಹಿಡಿದಳು. ಬಿಸಿಲು ಕಾಗದದ ಹಿಂದಿನಿಂದ ಬಂದು ಅಕ್ಷರಗಳು ಇನ್ನೂ ಕಪ್ಪಾದವು. "ತಾವು ಬಂದು ಹೋದದ್ದು ಸಂತೋಷ," ಎಂದು ಓದಿದಳು. ಎಲ್ಲಿಯೂ ತಡವರಿಸಲಿಲ್ಲ. "ಸಂಬಂಧ ನಮಗೆಲ್ಲರಿಗೂ ಒಪ್ಪಿಗೆ. ಹುಡುಗನ ವಿನಯ ನಮಗೆ ಬಹಳ ಹಿಡಿಸಿತು." ಕೊನೆಯ ವಾಕ್ಯವನ್ನು ಅಪ್ಪಾಜಿ ಹೇಳಿರಲಿಲ್ಲ. ಅದು ಎಲ್ಲಿಂದ ಬಂತೋ, ಬಂದು ಕೂತಿತು. ಅಪ್ಪಾಜಿ ಆ ವಾಕ್ಯಕ್ಕೂ ತಲೆದೂಗಿದರು.

"ಸಂತೋಷ ಅಂತ ಬರೀ ಒಂದ್ ಮಾತಾಯ್ತು," ಎಂದರು ಸ್ವಲ್ಪ ಯೋಚಿಸಿ. "ಪರಮ ಸಂತೋಷ ಅಂತ ಮಾಡು. ದೊಡ್ಡೋರ್ಗೆ ಬರೆಯೋ ಕಾಗ್ದ."

ಅವಳು ಶಾಯಿಗೆ ಅದ್ದದೆ ಲೇಖನಿ ಎತ್ತಿಕೊಂಡಳು. ಲೇಖನಿಯ ಒಣ ಮುಳ್ಳಿನಿಂದ, ಕಾಗದದ ಖಾಲಿ ಅಂಚಿನ ಮೇಲೆ, 'ಪರಮ' ಎಂಬ ಮೂರು ಅಕ್ಷರಕ್ಕೆ ಹಿಡಿಯುವಷ್ಟು ಹೊತ್ತು ಗೀಚಿದಳು. ಅಪ್ಪಾಜಿ ತಲೆ ಓರೆಮಾಡಿ ಆ ಸದ್ದನ್ನು ಕೊನೆಯವರೆಗೆ ಕೇಳಿ, ಸಹಿ ಹಾಕಲು ಕೈ ಚಾಚಿದರು. ಅವಳು ಅವರ ಬೆರಳುಗಳನ್ನು ಹಿಡಿದು ಸರಿಯಾದ ಜಾಗಕ್ಕೆ ತಂದಿಟ್ಟಳು. ಆಮೇಲೆ ಏನನ್ನೂ ಬರೆಯದಿದ್ದ ಆ ಅಂಚಿನ ಮೇಲೂ ಶಾಯಿ ಹೀರುವ ಒತ್ತುಕಾಗದವಿಟ್ಟು, ಮೆಲ್ಲಗೆ ಒತ್ತಿದಳು.